ಎರಡು ತಿಂಗಳು ರಮ್ಮಲ್ಲಿ ನೆನೆಸಿದರೂ ಪ್ಲಮ್ ಕೇಕ್ ಯಾಕೆ ಕುಸಿಯಿತು?

ಪ್ರಶ್ನೆ: ಮೇಡಂ, ನಮ್ಮದು ಉಡುಪಿ ಹತ್ತಿರದ ಊರು. ಹೋದ ಕ್ರಿಸ್‌ಮಸ್‌ಗೆ ಮೊದಲ ಸಲ ಮನೆಯಲ್ಲೇ ಪ್ಲಮ್ ಕೇಕ್ ಮಾಡಿದೆ. ಒಣಹಣ್ಣು, ಗೋಡಂಬಿ ಎಲ್ಲ ಎರಡು ತಿಂಗಳು ರಮ್ಮಲ್ಲಿ ನೆನೆಸಿಟ್ಟಿದ್ದೆ. 150 ಗ್ರಾಂ ಮೈದಾ, ಅಷ್ಟೇ ಬೆಣ್ಣೆ, ಅಷ್ಟೇ ಸಕ್ಕರೆ, ಮೂರು ಮೊಟ್ಟೆ. ಚೆನ್ನಾಗಿ ಉಬ್ಬಲಿ ಅಂತ ಎರಡು ಟೀ ಚಮಚ ಬೇಕಿಂಗ್ ಪೌಡರ್ ಹಾಕಿದೆ. ಹಣ್ಣು ಸುಮಾರು 400 ಗ್ರಾಂ, ಜಾಡಿಯಲ್ಲಿ ಉಳಿದ ರಮ್ಮನ್ನೂ ಸೇರಿಸಿಬಿಟ್ಟೆ. ಓಟಿಜಿ ಓವನ್ನಿನಲ್ಲಿ 180 ಡಿಗ್ರಿ, 45 ನಿಮಿಷ. ಚಾಕು ಚುಚ್ಚಿದಾಗ ಸ್ವಚ್ಛವಾಗಿಯೇ ಬಂತು. ಆದರೆ ಮೇಲೆ ಕಪ್ಪಾಗಿ ಬಿರುಕು ಬಿಟ್ಟಿತ್ತು, ಹೊರಗೆ ತೆಗೆದ ಮೇಲೆ ನಡುವೆ ಕುಸಿಯಿತು, ಹಣ್ಣೆಲ್ಲ ತಳದಲ್ಲಿ. ಎಂಟು ದಿನಕ್ಕೆ ಬೂಸ್ಟು ಬೇರೆ. ನೆರೆಮನೆಯ ಆಂಟಿ "ಹಣ್ಣು ಒಂದು ವರ್ಷ ನೆನೆಯಬೇಕು, ಅದಕ್ಕೇ ಹಾಗಾಯ್ತು" ಅಂದರು. ರಮ್ ಬೇಯುವಾಗ ಪೂರ್ತಿ ಆವಿಯಾಗುತ್ತದೆ, ಮಕ್ಕಳಿಗೂ ಕೊಡಬಹುದು ಅಂತಲೂ ಹೇಳಿದರು. ಅತ್ತೆಗೆ ಒಪ್ಪಿಗೆ ಇಲ್ಲ. ಜೋನಿ ಬೆಲ್ಲ ಹಾಕಿ ಶುಂಠಿ ಕುಕೀಸ್ ಕೂಡ ಮಾಡಿದ್ದೆ. ಅದು ಹರಡಿಕೊಂಡು ಆಕಾರವೇ ಹೋಯಿತು, ರಾತ್ರಿ ಗರಿಗರಿ ಇದ್ದದ್ದು ಬೆಳಿಗ್ಗೆ ಕೇಕ್ ಡಬ್ಬಿಯಲ್ಲಿ ಮೆತ್ತಗಾಗಿತ್ತು. ಈ ಸಲ ಕೈಯಲ್ಲಿ ಇರುವುದು ಮೂರೇ ವಾರ. ಮಾಡಲೋ, ಬಿಡಲೋ?

ಉತ್ತರ: ಮಾಡಿ. ಮೂರು ವಾರ ಧಾರಾಳವಾಯಿತು.

ಅಳತೆಯನ್ನೆಲ್ಲ ಬರೆದು ಕಳಿಸಿದ್ದೀರಲ್ಲ, ಅದರಿಂದ ನನ್ನ ಕೆಲಸ ಅರ್ಧ ಮುಗಿಯಿತು. ಕೇಕ್ ಕೆಟ್ಟಿತು ಅಂತ ಕೇಳುವವರು ಬೇಕಾದಷ್ಟು ಜನ. ಎಷ್ಟು ಹಾಕಿದಿರಿ, ಎಷ್ಟು ಹೊತ್ತು ಇಟ್ಟಿರಿ ಅಂದರೆ ಉತ್ತರ ಬರುವುದಿಲ್ಲ. ನಾನು 22 ವರ್ಷ ಬೇಕರಿಯಲ್ಲಿ ಕೆಲಸ ಮಾಡಿದವಳು, ಈಗ ಕಲಿಸುತ್ತೇನೆ. ನಿಮ್ಮ ಪಟ್ಟಿ ಓದಿದ ಕೂಡಲೇ ನನಗೆ ಕಂಡದ್ದು ನೀರು. ಕುಸಿದ ನಡುಭಾಗ, ಮುಳುಗಿದ ಹಣ್ಣು, ಬೂಸ್ಟು, ಮೆತ್ತಗಾದ ಕುಕೀಸ್ ಎಲ್ಲಕ್ಕೂ ಮೂಲ ಅದೇ. ಹಿಟ್ಟಿಗೆ ನೀರಿನಂಶ ಜಾಸ್ತಿ ಹೋಯಿತು, ಓವನ್ನಿನಲ್ಲಿ ಅದು ಹೊರಬರಲು ಹೊತ್ತು ಸಿಗಲಿಲ್ಲ, ಡಬ್ಬಿಯಲ್ಲಿ ಅದು ಕೇಕ್ ಬಿಟ್ಟು ಕುಕೀಸ್‌ಗೆ ಹೋಯಿತು. ನೆನೆಸಿದ ದಿನಗಳ ಲೆಕ್ಕಕ್ಕೂ ಇದಕ್ಕೂ ಸಂಬಂಧ ಇಲ್ಲ.

ಆಂಟಿ ಹೇಳಿದ ಒಂದು ವರ್ಷದ ಮಾತು ತೆಗೆದುಕೊಳ್ಳೋಣ. ಅದು ಸುಳ್ಳಲ್ಲ, ಆದರೆ ನಿಯಮವೂ ಅಲ್ಲ. ಒಣದ್ರಾಕ್ಷಿ, ಖರ್ಜೂರದಲ್ಲಿ ಸಕ್ಕರೆ ಜಾಸ್ತಿ, ನೀರು ಕಡಿಮೆ. ಅದರ ಮೇಲೆ ರಮ್ ಬಿದ್ದರೆ ಹಣ್ಣು ಕೆಡದೆ ಉಳಿಯುತ್ತದೆ. ನಮ್ಮಲ್ಲಿ ಸಿಗುವ ರಮ್ಮಲ್ಲಿ ಸಾಮಾನ್ಯವಾಗಿ ಶೇ 42.8 ಆಲ್ಕೋಹಾಲ್ ಇರುತ್ತದೆ, ಹಾಗಾಗಿ ವರ್ಷಗಟ್ಟಲೆ ಇಡಬಹುದು, ಹಣ್ಣು ಪೂರ್ತಿ ಮುಳುಗಿರಬೇಕು ಅಷ್ಟೇ. ರುಚಿ ನಿಧಾನವಾಗಿ ಒಂದಾಗುತ್ತಾ ಹೋಗುತ್ತದೆ, ಅದು ನಿಜ. ಆದರೆ ಹಣ್ಣು ಹೀರಿ ಉಬ್ಬುವ ಮುಖ್ಯ ಕೆಲಸ ಮೊದಲ ವಾರದೊಳಗೇ ಮುಗಿದಿರುತ್ತದೆ. ವರ್ಷದ ಜಾಡಿ, ಮೂರು ವಾರದ ಜಾಡಿ ಎರಡರಲ್ಲೂ ಒಂದೇ ಅಳತೆಯ ಕೇಕ್ ಮಾಡಿ ಪಕ್ಕಪಕ್ಕ ತಿಂದು ನೋಡಿದ್ದೇನೆ. ವ್ಯತ್ಯಾಸ ಇದೆ, ಸಣ್ಣದು. ಕುಸಿಯುವುದು, ಮುಳುಗುವುದರಲ್ಲಿ ಎರಡು ಜಾಡಿಗೂ ವ್ಯತ್ಯಾಸ ಇಲ್ಲ. ಇವತ್ತೇ ನೆನೆಸಿ, ಎರಡು ವಾರ ನೆನೆದರೂ ಬೇಕಾದಷ್ಟಾಯಿತು. ಗೋಡಂಬಿ, ಬಾದಾಮಿ ಮಾತ್ರ ನೆನೆಸಬೇಡಿ, ರಬ್ಬರಿನಂತಾಗುತ್ತದೆ. ಕೇಕ್ ಮಾಡುವ ದಿನ ಸ್ವಲ್ಪ ಹುರಿದು ಹಾಕಿ.

ರಮ್ಮೇ ಆಗಬೇಕೆಂದೂ ಇಲ್ಲ. ತಲಶ್ಶೇರಿಯ ಮಂಬಳ್ಳಿ ಬಾಪು 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ಬ್ರಿಟಿಷ್ ತೋಟದ ಮಾಲೀಕನಿಗೆ ಮಾಡಿಕೊಟ್ಟದ್ದೇ ಭಾರತದ ಮೊದಲ ಕ್ರಿಸ್‌ಮಸ್ ಕೇಕ್ ಅನ್ನುತ್ತಾರೆ. ಅದಕ್ಕೆ ಬ್ರಾಂಡಿ ಬದಲು ಗೇರುಹಣ್ಣು, ಕದಳಿ ಬಾಳೆಹಣ್ಣಿನಿಂದ ಇಳಿಸಿದ ಊರಿನ ಮದ್ಯ ಹಾಕಿದರು ಅಂತಲೇ ಆ ಕಥೆ ಹೇಳುತ್ತದೆ. ಅಲಹಾಬಾದಿನ ಕ್ರಿಸ್‌ಮಸ್ ಕೇಕಿಗೆ ಪೇಠಾ, ತುಪ್ಪ, ಕಿತ್ತಳೆ ಮಾರ್ಮಲೇಡ್, ಸೋಂಪು ಬೀಳುತ್ತದೆ. ಇನ್ನು ಹೆಸರು ಪ್ಲಮ್ ಕೇಕ್ ಆದರೂ ಒಳಗೆ ಪ್ಲಮ್ ಹಣ್ಣೇ ಇಲ್ಲ, ಅಲ್ವಾ? ಹಳೆ ಇಂಗ್ಲಿಷಿನವರು ಒಣದ್ರಾಕ್ಷಿಗೂ ಪ್ಲಮ್ ಅನ್ನುತ್ತಿದ್ದರು. ಊರೂರಿಗೆ ಕೈಗೆ ಸಿಕ್ಕ ಸಾಮಾನಿನಲ್ಲಿ ಬೆಳೆದು ಬಂದ ಕೇಕ್ ಇದು, ಹಾಗಾಗಿ ನಿಮ್ಮ ಅಡುಗೆಮನೆಯಲ್ಲಿ ಇರುವುದನ್ನು ಹಾಕಲು ಅಂಜಬೇಕಾಗಿಲ್ಲ.

ಈಗ ಹಣ್ಣು ಮುಳುಗಿದ್ದು. ಮೈದಾದಲ್ಲಿ ಹೊರಳಿಸಿದರೆ ಮುಳುಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಹೊರಳಿಸಿ, ಬೇಡ ಅನ್ನುವುದಿಲ್ಲ, ಹಣ್ಣು ಒಂದಕ್ಕೊಂದು ಅಂಟುವುದು ತಪ್ಪುತ್ತದೆ. ಆದರೆ ಹಣ್ಣನ್ನು ಎತ್ತಿ ಹಿಡಿಯುವುದು ಹಿಟ್ಟಿನ ಗಟ್ಟಿತನ, ಮೇಲಿನ ಪುಡಿಯಲ್ಲ. ನೀವು ಉಳಿದ ರಮ್ಮನ್ನೂ ಸುರಿದಿರಿ, ಹಿಟ್ಟು ದೋಸೆ ಹಿಟ್ಟಿನ ಹದಕ್ಕೆ ಬಂದಿರುತ್ತದೆ. ಅದು ಬಿಸಿಯಾದಾಗ ಇನ್ನೂ ತೆಳ್ಳಗಾಗುತ್ತದೆ, ಗಟ್ಟಿಯಾಗುವ ಮೊದಲೇ ಹಣ್ಣು ಇಳಿದುಬಿಡುತ್ತದೆ. ಹಣ್ಣನ್ನು ಹಿಂದಿನ ರಾತ್ರಿ ಜರಡಿಗೆ ಹಾಕಿ ಸೋಸಿ, ಬೆಳಿಗ್ಗೆ ಬಟ್ಟೆ ಮೇಲೆ ಹರಡಿ ಒತ್ತಿ. ಸೋಸಿದ ಮೇಲೆ 350 ಗ್ರಾಂ ತೂಗಿ, 150 ಗ್ರಾಂ ಮೈದಾಗೆ ಅಷ್ಟು ಸಾಕು. ದ್ರಾಕ್ಷಿ ಗಾತ್ರಕ್ಕಿಂತ ದೊಡ್ಡ ತುಂಡು ಬೇಡ. ಹಿಟ್ಟು ಚಮಚದಿಂದ ತಾನಾಗಿ ಹರಿಯಬಾರದು, ಕೊಡವಿದರೆ ದೊಪ್ಪನೆ ಬೀಳಬೇಕು. ಸೋಸಿದ ರಮ್ಮನ್ನು ಎಸೆಯಬೇಡಿ, ಮುಂದಿನ ಜಾಡಿಗೆ ಆಗುತ್ತದೆ.

ಬೇಕಿಂಗ್ ಪೌಡರ್ ಎರಡು ಚಮಚ ಹಾಕಿದ್ದು ಇನ್ನೊಂದು ಪೆಟ್ಟು. ಹಗುರವಾದ ಸ್ಪಾಂಜ್‌ಗೇ ಒಂದು ಕಪ್ ಮೈದಾಗೆ, ಅಂದರೆ ಸುಮಾರು 125 ಗ್ರಾಮಿಗೆ, ಒಂದು ಟೀ ಚಮಚ ಸಾಕು. ಹಣ್ಣಿನ ಕೇಕಿಗೆ ಅದರಲ್ಲೂ ಅರ್ಧ. ಜಾಸ್ತಿ ಹಾಕಿದರೆ ಗಾಳಿಗುಳ್ಳೆ ದೊಡ್ಡದಾಗುತ್ತಾ ಒಂದಕ್ಕೊಂದು ಸೇರಿ ಒಡೆಯುತ್ತವೆ, ಸುತ್ತಲಿನ ಗೋಡೆ ಬೆಂದು ಗಟ್ಟಿಯಾಗುವವರೆಗೂ ಕಾಯುವುದಿಲ್ಲ. ಮೊದಲು ಭರ್ಜರಿಯಾಗಿ ಉಬ್ಬುತ್ತದೆ, ನೋಡಲು ಖುಷಿ, ಆಮೇಲೆ ನಡುವೆ ಕೂರುತ್ತದೆ. ಈ ಕೇಕಿಗೆ ಬೇಕಾದ ಗಾಳಿ ಬೆಣ್ಣೆ ಸಕ್ಕರೆ ಕಡೆಯುವಾಗಲೇ ಬರಬೇಕು. ಸಕ್ಕರೆಯ ಹರಳು ಬೆಣ್ಣೆಯೊಳಗೆ ಸಣ್ಣ ಸಣ್ಣ ಗಾಳಿಗುಳಿ ಮಾಡುತ್ತಾ ಹೋಗುತ್ತದೆ, ಆದರೆ ಬೆಣ್ಣೆ 18ರಿಂದ 21 ಡಿಗ್ರಿಯ ಆಸುಪಾಸಿನಲ್ಲಿ ಇದ್ದರೆ ಮಾತ್ರ. ಬೆಂಗಳೂರಿನ ಡಿಸೆಂಬರಿನಲ್ಲಿ ಬೆಣ್ಣೆ ಹೊರಗಿಟ್ಟು ಮರೆತರೂ ನಡೆಯುತ್ತದೆ. ನಿಮ್ಮ ಕಡೆಯ ಸೆಕೆಯಲ್ಲಿ ಆಗುವುದಿಲ್ಲ, ಅರ್ಧ ಗಂಟೆಯಲ್ಲಿ ಎಣ್ಣೆಯಾಗುತ್ತದೆ. ಫ್ರಿಜ್ಜಿನಿಂದ ತೆಗೆದು ತುಂಡು ಮಾಡಿ ಹದಿನೈದು ಇಪ್ಪತ್ತು ನಿಮಿಷ ಬಿಡಿ. ಬೆರಳು ಒತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಹೊಳಪು ಅಂಟಬಾರದು. ಮೊಟ್ಟೆಯನ್ನು ಒಂದೊಂದೇ ಹಾಕಿ. ಒಡೆದ ಹಾಲಿನಂತೆ ಕಂಡರೆ ಹೆದರದೆ ಒಂದು ಚಮಚ ಮೈದಾ ಸೇರಿಸಿ ಮುಂದುವರಿಸಿ.

ಆದರೆ ನನ್ನ ದೊಡ್ಡ ಅನುಮಾನ ಇರುವುದು ಓವನ್ ಮೇಲೆ. 180 ಡಿಗ್ರಿ, 45 ನಿಮಿಷ ಅನ್ನುವುದು ಸಾದಾ ಸ್ಪಾಂಜಿನ ಲೆಕ್ಕ. ಹಣ್ಣು ತುಂಬಿದ ಗಟ್ಟಿ ಕೇಕಿನಲ್ಲಿ ಬಿಸಿ ನಡುವಿಗೆ ತಲುಪಲು ತುಂಬ ಹೊತ್ತು ಬೇಕು. ಅಷ್ಟರಲ್ಲಿ ಮೇಲ್ಭಾಗ ಗಟ್ಟಿ ತೊಗಟೆಯಾಗಿರುತ್ತದೆ, ಒಳಗಿನದು ಉಬ್ಬುವಾಗ ಅದನ್ನು ಸೀಳಿಕೊಂಡು ಬರುತ್ತದೆ, ಅದೇ ನಿಮ್ಮ ಬಿರುಕು. ಇಷ್ಟು ಅಳತೆಯ ಹಿಟ್ಟಿಗೆ ಏಳು ಇಂಚಿನ ಟಿನ್ ಸರಿ. ಒಳಗೆ ಎರಡು ಪದರ ಬಟರ್ ಪೇಪರ್, ಹೊರಗೆ ಎರಡು ಮೂರು ಪದರ ಕಂದು ಕಾಗದ ಸುತ್ತಿ ದಾರ ಕಟ್ಟಿ, ಕಾಗದ ಓವನ್ನಿನ ಕಡ್ಡಿಗೆ ತಗಲದಂತೆ ನೋಡಿಕೊಳ್ಳಿ. 150 ಡಿಗ್ರಿಯಲ್ಲಿ ಒಂದೂವರೆ ಗಂಟೆಯಿಂದ ಒಂದು ಮುಕ್ಕಾಲು ಗಂಟೆ. ಕೆಳಗಿನ ಹಂತದಲ್ಲಿ ಇಡಿ, ಕೇಕಿನ ನಡು ಓವನ್ನಿನ ನಡುವೆ ಬರಲಿ. ಒಂದು ಗಂಟೆಯ ನಂತರ ಮೇಲೆ ಕೆಂಪಾಗಿದ್ದರೆ ಫಾಯಿಲ್ ಮುಚ್ಚಿ. ಅದಕ್ಕೂ ಮೊದಲು ಬಾಗಿಲು ತೆಗೆಯಬೇಡಿ.

ಓಟಿಜಿಯ ಗುಂಡಿ ತೋರಿಸುವುದನ್ನು ಸುಮ್ನೆ ನಂಬಬೇಡಿ. ಇಪ್ಪತ್ತು ಇಪ್ಪತ್ತೈದು ಡಿಗ್ರಿ ಆಚೀಚೆ ಇರುವ ಓವನ್‌ಗಳನ್ನು ನನ್ನ ವಿದ್ಯಾರ್ಥಿಗಳ ಮನೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ, ಹೊಸದರಲ್ಲೂ. ಒಳಗೆ ನೇತುಹಾಕುವ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ದುಬಾರಿ ಹಣ್ಣಿಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಮೊದಲು ಅದನ್ನು ತಗೊಳ್ಳಿ. ಅದಿಲ್ಲದಿದ್ದರೆ ಸಕ್ಕರೆ ಪರೀಕ್ಷೆ ಇದೆ. ಬಿಳಿ ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಓವನ್ ಚೆನ್ನಾಗಿ ಕಾದ ಮೇಲೆ ಗುಂಡಿಯನ್ನು 175ರಲ್ಲೇ ಇಟ್ಟು, ಫಾಯಿಲ್ ಮೇಲೆ ಒಂದು ಚಮಚ ಸಕ್ಕರೆ ಹಾಕಿ ಹದಿನೈದು ನಿಮಿಷ ಒಳಗಿಡಿ. ಕರಗಿದರೆ ನಿಮ್ಮ ಓವನ್ ಹೇಳುವುದಕ್ಕಿಂತ ಬಿಸಿ ಇದೆ. ಕೇಕಿನ ಮೇಲ್ಭಾಗ ಕಪ್ಪಾದದ್ದು ನೋಡಿದರೆ ನಿಮ್ಮದು ಹಾಗೇ ಇರಬಹುದು.

ಚಾಕು ಸ್ವಚ್ಛವಾಗಿ ಬಂದದ್ದಕ್ಕೂ ಕಾರಣ ಇದೆ. ಈ ಕೇಕಿನಲ್ಲಿ ಚಾಕು ದ್ರಾಕ್ಷಿಯ ಮೂಲಕ ಹಾದು ಬಂದರೆ ಹಸಿ ಹಿಟ್ಟು ಅಲ್ಲೇ ಒರೆಸಿ ಹೋಗುತ್ತದೆ. ತೆಳ್ಳನೆಯ ಕಡ್ಡಿಯಲ್ಲಿ ಮೂರು ನಾಲ್ಕು ಕಡೆ ಚುಚ್ಚಿ, ಬರೀ ಅಂಚಿನಲ್ಲಿ ಅಲ್ಲ. ಇನ್ನೊಂದು ಹಳೆಯ ಉಪಾಯ ನನಗೆ ತುಂಬ ಇಷ್ಟ: ಕೇಕ್ ಹೊರಗೆ ತೆಗೆದು ಕಿವಿ ಹತ್ತಿರ ತಂದು ಕೇಳಿಸಿಕೊಳ್ಳಿ. ಬೇಯುತ್ತಿರುವಾಗ ಒಳಗಿನ ನೀರು ಗುಳುಗುಳು, ಚುಂಯ್ ಅನ್ನುತ್ತಿರುತ್ತದೆ. ಸದ್ದು ಜೋರಾಗಿದ್ದರೆ ಇನ್ನೂ ಹತ್ತು ಹದಿನೈದು ನಿಮಿಷ ಒಳಗಿಡಿ, ಬಹುತೇಕ ಅಡಗಿದ್ದರೆ ಆಯಿತು. ಚುಚ್ಚುವ ಥರ್ಮಾಮೀಟರ್ ಇದ್ದವರು ನಡುವೆ 96ರಿಂದ 98 ಡಿಗ್ರಿ ನೋಡಿಕೊಳ್ಳಿ. ನಡುವೆ ಕರೆಂಟ್ ಹೋದರೆ? ಹೋಗೇ ಹೋಗುತ್ತದೆ. ಬಾಗಿಲು ಮುಟ್ಟಬೇಡಿ. ಹತ್ತು ಹದಿನೈದು ನಿಮಿಷದಲ್ಲಿ ಬಂದರೆ ಕೇಕ್ ತಡೆದುಕೊಳ್ಳುತ್ತದೆ, ಹೋದ ಹೊತ್ತಿಗಿಂತ ಸ್ವಲ್ಪ ಜಾಸ್ತಿಯೇ ಸೇರಿಸಿ ಬೇಯಿಸಿ.

ಬೂಸ್ಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ಆರೋಗ್ಯದ ಮಾತು. ನಾನು ಕೆಲಸ ಕಲಿತ ಬೇಕರಿಯಲ್ಲಿ ಮೊದಲ ಡಿಸೆಂಬರಿನಲ್ಲೇ ಒಂದು ಪಾಠ ಆಯಿತು. ಆರ್ಡರಿನ ಗಡಿಬಿಡಿಯಲ್ಲಿ ಕೇಕುಗಳನ್ನು ಬೆಚ್ಚಗಿರುವಾಗಲೇ ಪ್ಲಾಸ್ಟಿಕ್ ಸುತ್ತಿ ಪೆಟ್ಟಿಗೆಗೆ ತುಂಬಿದೆವು. ವಾರದೊಳಗೆ ಅಷ್ಟೂ ತಳದಲ್ಲಿ ಹಸಿರಾದವು. ಕೇಕ್ ಮುಟ್ಟಿದರೆ ತಣ್ಣಗಿದ್ದರೂ ಒಳಗೆ ಬಿಸಿ ಇರುತ್ತದೆ. ಅದರ ಆವಿ ಹೊದಿಕೆಯ ಒಳಗೆ ನೀರಾಗಿ ತಳಕ್ಕೆ ಇಳಿಯುತ್ತದೆ, ಬೂಸ್ಟಿಗೆ ಅಷ್ಟು ಸಾಕು. ನಿಮ್ಮದರಲ್ಲಿ ತಳದಲ್ಲಿ ಒದ್ದೆ ಹಣ್ಣು ಬೇರೆ ಕೂತಿತ್ತು, ನಡುಭಾಗ ಪೂರ್ತಿ ಬೆಂದಿರಲಿಲ್ಲ. ಇನ್ನು ಮೇಲೆ ಟಿನ್ನಿನಲ್ಲಿ ಅರ್ಧ ಗಂಟೆ ಬಿಟ್ಟು, ಜಾಲರಿ ಮೇಲೆ ತೆಗೆದಿಟ್ಟು, ಕನಿಷ್ಠ ಎಂಟು ಗಂಟೆ ಆರಲು ಬಿಡಿ. ಆಮೇಲೆ ಬಟರ್ ಪೇಪರ್, ಅದರ ಮೇಲೆ ಫಾಯಿಲ್, ಆಮೇಲೆ ಡಬ್ಬಿ. ಜರ್ಮನಿಯ ಡ್ರೆಸ್ಡೆನ್ನಿನ ಸ್ಟೋಲನ್ ಬ್ರೆಡ್ ವಾರಗಟ್ಟಲೆ ಉಳಿಯುವುದಕ್ಕೂ ಇಂಥದ್ದೇ ಕಾರಣ: ಬೆಂದ ಮೇಲೆ ಮೈಗೆಲ್ಲ ಕರಗಿದ ಬೆಣ್ಣೆ ಸವರಿ ದಪ್ಪಗೆ ಸಕ್ಕರೆ ಪುಡಿ ಮೆತ್ತುತ್ತಾರೆ, ತೇವ ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ಒಂದು ವೇಳೆ ಬೂಸ್ಟು ಬಂದೇಬಿಟ್ಟರೆ ಆ ಭಾಗ ಮಾತ್ರ ಕತ್ತರಿಸಿ ಉಳಿದದ್ದು ತಿನ್ನಬೇಡಿ. ಕೇಕಿನಂಥ ಮೃದು ತಿನಿಸಿನಲ್ಲಿ ಅದರ ಎಳೆಗಳು ಕಣ್ಣಿಗೆ ಕಾಣದಷ್ಟು ಒಳಗೆ ಹೋಗಿರುತ್ತವೆ. ಪೂರ್ತಿ ಎಸೆಯಿರಿ, ಹೊಟ್ಟೆ ಉರಿದರೂ.

ಅತ್ತೆಯವರ ಮಾತಿಗೆ ಬರುತ್ತೇನೆ. ಇಲ್ಲಿ ಸರಿ ಇರುವುದು ಅವರೇ. ಬೇಯುವಾಗ ಆಲ್ಕೋಹಾಲ್ ಪೂರ್ತಿ ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ ಹಿಟ್ಟಿನಲ್ಲಿ ಕಲಸಿ ಒಂದು ಗಂಟೆ ಬೇಯಿಸಿದರೆ ಸುಮಾರು ಶೇ 25, ಒಂದೂವರೆ ಗಂಟೆಗೆ ಶೇ 20, ಎರಡು ಗಂಟೆಗೆ ಶೇ 10ರಷ್ಟು ಉಳಿದಿರುತ್ತದೆ. ಇದು ಅಂದಾಜು, ಟಿನ್ನಿನ ಅಗಲ, ಆಳ ನೋಡಿ ಹೆಚ್ಚುಕಡಿಮೆ ಆಗುತ್ತದೆ. ಹಣ್ಣು 60 ಎಂಎಲ್ ರಮ್ ಹೀರಿದ್ದರೆ, ಬೆಂದ ಮೇಲೆ ಉಳಿಯುವ ಆಲ್ಕೋಹಾಲ್ ಸುಮಾರು 12 ಎಂಎಲ್ ರಮ್ಮಿನಲ್ಲಿ ಇರುವಷ್ಟು. ಹನ್ನೆರಡು ತುಂಡು ಮಾಡಿದರೆ ತುಂಡಿಗೆ ಒಂದು ಎಂಎಲ್ ರಮ್ಮಿನ ಲೆಕ್ಕ. ತೀರಾ ಕಡಿಮೆ, ಆದರೆ ಸೊನ್ನೆ ಅಲ್ಲ. ಬೆಂದ ಕೇಕಿನ ಮೇಲೆ ದಿನ ಬಿಟ್ಟು ದಿನ ಚಮಚದಲ್ಲಿ ರಮ್ ಚಿಮುಕಿಸುವ ಪದ್ಧತಿ ಇದೆಯಲ್ಲ, ಅದು ಬೇಯುವುದೇ ಇಲ್ಲ, ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಮಕ್ಕಳು, ಬಸುರಿಯರು, ಕುಡಿತ ಬಿಟ್ಟವರು, ಮೆಟ್ರೊನಿಡಜೋಲ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇರುವ ಮನೆಗೆ ಕೊಡುವಾಗ ಬಾಯಿಬಿಟ್ಟು ಹೇಳಿಬಿಡಿ. ಧರ್ಮದ ಕಾರಣಕ್ಕೆ ಬೇಡ ಅನ್ನುವವರೂ ಇರುತ್ತಾರೆ. ಗೊತ್ತಿಲ್ಲದೆ ತಿನ್ನಿಸುವುದು ನನಗಂತೂ ಸರಿ ಕಾಣುವುದಿಲ್ಲ.

ರಮ್ ಬೇಡವಾದರೆ 350 ಗ್ರಾಂ ಹಣ್ಣಿಗೆ ಅರ್ಧ ಲೋಟ, ಅಂದರೆ 120 ಎಂಎಲ್ ಕಿತ್ತಳೆ ರಸ ಹಾಕಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬೇಯಿಸಿ. ರಸ ಬಹುತೇಕ ಇಂಗಬೇಕು. ಪೂರ್ತಿ ಆರಿಸಿ ಅದೇ ದಿನ ಅಥವಾ ಮರುದಿನ ಕೇಕ್ ಮಾಡಿ. ಫ್ರಿಜ್ಜಿನಲ್ಲಿ ಮೂರು ದಿನಕ್ಕಿಂತ ಜಾಸ್ತಿ ಬೇಡ. ರಮ್ಮಿನಂತೆ ರಸದಲ್ಲೂ ವಾರಗಟ್ಟಲೆ ಹೊರಗೆ ನೆನೆಸಿಡುತ್ತೇನೆ ಅನ್ನುವವರಿಗೆ ಖಂಡಿತ ಬೇಡ ಅನ್ನುತ್ತೇನೆ. ಅದು ಹುಳಿತು ನೊರೆ ಬರುತ್ತದೆ, ಬಿಗಿಯಾಗಿ ಮುಚ್ಚಿದ ಗಾಜಿನ ಜಾಡಿ ಒಡೆದದ್ದೂ ಉಂಟು. ರಸದ ಕೇಕ್ ನಿಮ್ಮ ಹವೆಗೆ ಹೊರಗೆ ನಾಲ್ಕೈದು ದಿನ, ಆಮೇಲೆ ಫ್ರಿಜ್. ರಮ್ಮಿನದು, ಸರಿಯಾಗಿ ಬೆಂದಿದ್ದರೆ, ಮೂರು ವಾರಕ್ಕೂ ಅಂಜಿಕೆ ಇಲ್ಲ.

ಕೇಕಿನ ಕಂದು ಬಣ್ಣಕ್ಕೆ ಸಕ್ಕರೆ ಸುಡುವಾಗ ಮಾತ್ರ ಹುಷಾರು. ಕರಗಿದ ಸಕ್ಕರೆ ಕುದಿಯುವ ನೀರಿಗಿಂತ ಎಷ್ಟೋ ಬಿಸಿ ಇರುತ್ತದೆ, ತಣ್ಣೀರು ಸುರಿದರೆ ಸಿಡಿದು ಮುಖಕ್ಕೆ ಹಾರುತ್ತದೆ. ಆಳದ ಪಾತ್ರೆ, ಉರಿ ಆರಿಸಿದ ಮೇಲೆ ಬಿಸಿನೀರು, ಅಂಚಿನಿಂದ ಸ್ವಲ್ಪ ಸ್ವಲ್ಪವೇ, ಮಕ್ಕಳು ಹತ್ತಿರ ಬೇಡ. ಈ ಪಾಕ ಮೂರು ದೊಡ್ಡ ಚಮಚ ಸಾಕು, ಅದೂ ನೀರೇ ಅಲ್ವಾ, ಲೆಕ್ಕದಲ್ಲಿ ಇರಲಿ.

ಇನ್ನು ಶುಂಠಿ ಕುಕೀಸ್. ಮೊಲಾಸಿಸ್ ಬದಲು ಜೋನಿ ಬೆಲ್ಲ ಹಾಕಿದ್ದು ಒಳ್ಳೆಯ ಯೋಚನೆ, ಆ ಪರಿಮಳಕ್ಕೆ ನನ್ನ ಮಟ್ಟಿಗೆ ಸಮ ಇಲ್ಲ. ಆದರೆ ಜೋನಿ ಬೆಲ್ಲ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುವ ಗುಣದ್ದು, ನಿಮ್ಮ ಕರಾವಳಿಯಲ್ಲಿ ತೇವಕ್ಕೆ ಬರವಿಲ್ಲ. ಮೇಲಿಂದ ಕೇಕ್ ಇರುವ ಡಬ್ಬಿಯಲ್ಲೇ ಇಟ್ಟಿರಿ. ಕೇಕಿನ ತೇವ ರಾತ್ರಿಯಿಡೀ ಕುಕೀಸಿಗೆ ಹೋಗಿದೆ, ಬೇರೆ ಏನೂ ಆಗಿಲ್ಲ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಕುಸ್ವಾರ್ ಅನ್ನುವ ಹಬ್ಬದ ತಿಂಡಿ ಮಾಡುವವರನ್ನು ನೋಡಿ, ಕಿಡಿಯೊ, ನೆವ್ರಿ, ಕೊಕ್ಕಿಸ್ ಇಂಥ ಗರಿಗರಿ ತಿಂಡಿಯನ್ನು ಬೇರೆ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡುತ್ತಾರೆ, ಕೇಕಿನ ಜೊತೆ ಸೇರಿಸುವುದಿಲ್ಲ. ಹಾಗೇ ಮಾಡಿ. ಮೆತ್ತಗಾದದ್ದನ್ನು 140 ಡಿಗ್ರಿಯಲ್ಲಿ ಐದಾರು ನಿಮಿಷ ಇಟ್ಟು ಆರಿಸಿದರೆ ಮತ್ತೆ ಗರಿಯಾಗುತ್ತದೆ.

ಹರಡಿದ್ದಕ್ಕೆ ಕಾರಣ ಬೆಣ್ಣೆ ಮೊದಲೇ ಕರಗಿದ್ದು, ಜೊತೆಗೆ ಜೋನಿ ಜಾಸ್ತಿಯಾದದ್ದು. 250 ಗ್ರಾಂ ಮೈದಾಗೆ 90 ಗ್ರಾಂ ಬೆಣ್ಣೆ, 100 ಗ್ರಾಂ ಸಕ್ಕರೆ, ಮೂರೇ ದೊಡ್ಡ ಚಮಚ ಜೋನಿ, ಒಂದು ಚಿಕ್ಕ ಮೊಟ್ಟೆ, ಅರ್ಧ ಟೀ ಚಮಚ ಅಡುಗೆ ಸೋಡಾ. ಎರಡು ಟೀ ಚಮಚ ಒಣಶುಂಠಿ ಪುಡಿ, ಒಂದು ಚಮಚ ಚಕ್ಕೆ ಪುಡಿ, ಲವಂಗ ಚಿಟಿಕೆ ಮಾತ್ರ. ಹಸಿಶುಂಠಿ ಬೇಡ, ಅದರಲ್ಲೂ ನೀರು. ಹಿಟ್ಟನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು, ಎರಡು ಹಾಳೆಯ ನಡುವೆ ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಅಚ್ಚಿನಲ್ಲಿ ಕತ್ತರಿಸಿ, ಟ್ರೇ ಸಮೇತ ಮತ್ತೆ ಇಪ್ಪತ್ತು ನಿಮಿಷ ಫ್ರಿಜ್ಜಿಗೆ. ಈ ಎರಡನೆಯ ಸಲ ತಣ್ಣಗೆ ಮಾಡುವುದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಆಕಾರ ಉಳಿಯುವುದು ಅದರಿಂದಲೇ. 160 ಡಿಗ್ರಿಯಲ್ಲಿ ಹನ್ನೆರಡರಿಂದ ಹದಿನಾಲ್ಕು ನಿಮಿಷ, ಆಮೇಲೆ ಓವನ್ ಆರಿಸಿ ಬಾಗಿಲು ಸ್ವಲ್ಪ ತೆರೆದು ಹತ್ತು ನಿಮಿಷ ಒಳಗೇ ಬಿಡಿ.

ಅಂದಹಾಗೆ, ಶುಂಠಿ, ಮಸಾಲೆ ಹಾಕಿದ ಕ್ರಿಸ್‌ಮಸ್ ತಿಂಡಿ ಎಲ್ಲ ಕಡೆಯೂ ಗರಿಯಾಗಿಯೇ ಇರಬೇಕು ಅಂತಿಲ್ಲ. ಜರ್ಮನಿಯ ನ್ಯೂರೆಂಬರ್ಗಿನ ಲೇಬ್‌ಕೂಖನ್ ಮೆತ್ತಗೇ ಇರುತ್ತದೆ. ಅಲ್ಲಿನ ಎಲಿಸೆನ್ ಅನ್ನುವ ಮೇಲ್ದರ್ಜೆಯದರಲ್ಲಿ ಬಾದಾಮಿ, ಹೇಜಲ್‌ನಟ್‌ನಂಥ ಬೀಜ ಕನಿಷ್ಠ ಶೇ 25 ಇರಬೇಕು, ಹಿಟ್ಟು ಶೇ 10 ಮೀರಬಾರದು ಅಂತ ನಿಯಮವೇ ಇದೆ. ಗಟ್ಟಿಯಾದರೆ ಡಬ್ಬಿಯಲ್ಲಿ ಸೇಬಿನ ಚೂರು ಇಟ್ಟು ಮೆತ್ತಗೆ ಮಾಡುತ್ತಾರೆ. ನಿಮ್ಮ ಡಬ್ಬಿಯಲ್ಲಿ ಪ್ಲಮ್ ಕೇಕ್ ಮಾಡಿದ್ದೂ ಆ ಸೇಬಿನ ಕೆಲಸವನ್ನೇ.

ಹಣ್ಣು ಇವತ್ತು ನೆನೆಸಿದರೆ, ರಮ್ಮಿನ ಕೇಕನ್ನು ಡಿಸೆಂಬರ್ 17, 18ರ ಹೊತ್ತಿಗೆ ಬೇಯಿಸಿ. ಒಂದು ವಾರ ಡಬ್ಬಿಯಲ್ಲಿ ಕೂತರೆ ಕತ್ತರಿಸುವಾಗ ಪುಡಿಯಾಗುವುದಿಲ್ಲ, ಮಸಾಲೆಯೂ ಒಂದಾಗಿರುತ್ತದೆ. ಕುಕೀಸ್ 22ಕ್ಕೆ. ಕಿತ್ತಳೆ ರಸದ ಕೇಕನ್ನು 23ಕ್ಕೆ ಮಾಡಿ, ಅದು ಅತ್ತೆಗೂ ಮಕ್ಕಳಿಗೂ, ಅದರ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿಡಿ. ಅದಕ್ಕೂ ಮೊದಲು, ಈ ಭಾನುವಾರವೇ, ಸಕ್ಕರೆ ಪರೀಕ್ಷೆ ಮಾಡಿಬಿಡಿ.